ರೆಕ್ಕೆ ಹೊಲಿದ ವರ್ಷ

ಹೋದ ತಿಂಗಳು ಚಿಂತಾಮಣಿಯಲ್ಲಿ ನನ್ನ ನಾದಿನಿಯ ಮಗಳ ಮದುವೆ ಇತ್ತು. ನಿಕಾಹ್‌ಗೆ ಇನ್ನೂ ಎರಡು ಗಂಟೆ ಇರುವಾಗ ಮದುಮಗಳ ರವಿಕೆಯ ಹುಕ್ಕು ಕಿತ್ತುಬಂತೆಂದು ನನ್ನನ್ನು ಕರೆದರು. ಸೂಜಿ ದಾರ ಹಿಡಿದುಕೊಂಡು ಛತ್ರದ ಒಳಕೋಣೆಗೆ ಹೋದೆ. ಏಳೆಂಟು ಹುಡುಗಿಯರು ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಬಾಗಿಲು ತೆರೆದದ್ದೇ ಆ ವಾಸನೆ ಮೂಗಿಗೆ ಹೊಡೆಯಿತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

"ಯಾಕೆ ಮುಮಾನಿ, ತಲೆ ಸುತ್ತುತ್ತಾ?" ಅಂದಳು ಮದುಮಗಳು.

"ಇಲ್ಲ ಕಣಮ್ಮ. ವಿಮಾನದ ವಾಸನೆ ಬಂತು."

ಹುಡುಗಿಯರೆಲ್ಲ ಒಟ್ಟಿಗೇ ನಕ್ಕರು. ಹುಕ್ಕು ಹಾಕುತ್ತಾ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಹೂವಿನವರು ಬಂದರು, ಫೋಟೋದವರು ಬಂದರು, ಮಾತು ಅಲ್ಲಿಗೇ ನಿಂತಿತು. ಅವತ್ತು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದಿನ ಮಾತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇತ್ತು. ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ರವಿಕೆ ಹೊಲಿಯುತ್ತಿದ್ದೆ, ಸೀರೆಗೆ ಫಾಲ್ ಹಾಕುತ್ತಿದ್ದೆ, ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಗಂಡ ಗೂಡಿನ ಗಾಡಿ ಓಡಿಸಿಕೊಂಡು ವಾರದಲ್ಲಿ ನಾಲ್ಕು ದಿನ ಊರೂರು ತಿರುಗುತ್ತಿದ್ದರು. ಮನೆಯಲ್ಲಿ ನಾನೂ ನನ್ನ ಅಮ್ಮಿಯೂ ಇರುತ್ತಿದ್ದೆವು. ಅಮ್ಮಿ ಮೂವತ್ತು ವರ್ಷ ರೇಷ್ಮೆ ಚರಕದ ಮುಂದೆ ಕೂತು, ಕುದಿಯುವ ನೀರಿನಲ್ಲಿ ಕೈಯಾಡಿಸಿ, ಗೂಡಿನ ಎಳೆ ಹುಡುಕಿ ತೆಗೆದವಳು. ಆ ಹಬೆ ಅವಳ ಎದೆಯೊಳಗೆ ಉಳಿದುಬಿಟ್ಟಿತ್ತು. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದಕ್ಕೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ಬೆಳ್ಳಗಿನ ಮೀಸೆಯ ಎತ್ತರದ ಮನುಷ್ಯರೊಬ್ಬರು ಒಂದು ಸೀರೆ ಹಿಡಿದುಕೊಂಡು ಅಂಗಡಿಗೆ ಬಂದರು. ಸೆರಗು ಬಿಡಿಸಿ ನನ್ನ ಮುಂದೆ ಹಾಸಿದರು.

"ಈ ಕುಚ್ಚು ಕಟ್ಟಿದ್ದು ಯಾರಮ್ಮ?"

"ನಾನೇ ಸಾರ್. ಬಿಚ್ಚೋಯ್ತಾ?"

"ಬಿಚ್ಚಕ್ಕೆ ನೋಡ್ದೆ. ಆಗಲಿಲ್ಲ. ಅದಕ್ಕೇ ಬಂದೆ."

ನನಗೆ ಏನೂ ಅರ್ಥವಾಗಲಿಲ್ಲ. ಸೀರೆ ಅವರ ಹೆಂಡತಿಯದಂತೆ. ಗಂಟು ಎಷ್ಟು ಗಟ್ಟಿ ನೋಡೋಣವೆಂದು ಮೊಳೆ ಹಾಕಿ ಎಳೆದು ಹೆಂಡತಿಯ ಕೈಯಲ್ಲಿ ಬೈಸಿಕೊಂಡು ಬಂದಿದ್ದರು.

"ನಮ್ಮದೊಂದು ವಿಮಾನ ಇದೆ. ಅದರ ರೆಕ್ಕೆಗೆ ಬಟ್ಟೆ ಹೊಲೀಬೇಕು. ಮಿಷನ್ನಿನಲ್ಲಲ್ಲ, ಕೈಯಲ್ಲಿ."

ಶಾಲೆಯ ನಾಟಕಕ್ಕೋ ಗಣೇಶನ ಪೆಂಡಾಲಿಗೋ ಇರಬೇಕೆಂದುಕೊಂಡು, "ಯಾವ ಸ್ಕೂಲಿಗೆ ಸಾರ್?" ಅಂದೆ.

"ಸ್ಕೂಲಿಗಲ್ಲಮ್ಮ. ಹಾರೋದಕ್ಕೆ."

ಹಾಗೆ ನನಗೆ ಪರಿಚಯವಾದವರು ನಾರಾಯಣಪ್ಪನವರು. ಊರು ಮಂಚೇನಹಳ್ಳಿ ಕಡೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ ಬಂದವರು. ವಿಮಾನ ಅವರದಲ್ಲ, ಕ್ಯಾಪ್ಟನ್ ಸುಮಿತ್ರಾ ಅವರದು. ಸುಮಿತ್ರಾ ಮೇಡಂ ಚಿಂತಾಮಣಿಯ ಕಡಲೆಕಾಯಿ ಎಣ್ಣೆ ಮಿಲ್ಲಿನವರ ಮಗಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿಗೆ ಸೇರಿ ಇದೇ ವಿಮಾನದಲ್ಲಿ ಹಾರಲು ಕಲಿತಿದ್ದರಂತೆ. ಆಮೇಲೆ ದೊಡ್ಡ ದೊಡ್ಡ ವಿಮಾನ ಓಡಿಸಿ ನಿವೃತ್ತರಾದರು. ಕ್ಲಬ್ಬು ಮುಚ್ಚಿಹೋಗಿ ಈ ವಿಮಾನ ಯಾವುದೋ ಗೋದಾಮಿನಲ್ಲಿ ಗೆದ್ದಲು ಹತ್ತಿಸಿಕೊಂಡು ಬಿದ್ದಿದೆಯೆಂದು ತಿಳಿದು, ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಆಗ ಅವರಿಗೆ ಅರವತ್ತೆಂಟು.

ಗೌರಿಬಿದನೂರು ರಸ್ತೆಯಲ್ಲಿ, ಊರಿಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ, ಯಾರೋ ಹಿಂದೆ ಮಾಡಿಸಿ ಬಿಟ್ಟುಹೋದ ಸಣ್ಣದೊಂದು ರನ್‌ವೇ ಇತ್ತು. ಎರಡೂ ಕಡೆ ಮುಸುಕಿನ ಜೋಳದ ಹೊಲ. ಅದರ ತುದಿಯಲ್ಲಿ ಒಂದು ತಗಡಿನ ಶೆಡ್ಡು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಆ ವರ್ಷ ಸ್ಕಂದಗಿರಿಯ ತಲೆಯ ಮೇಲಿನ ಮೋಡ ನೋಡಿ ಅವತ್ತಿನ ಕೆಲಸ ಎಷ್ಟಾದೀತೆಂದು ಬಸ್ಸಿನಲ್ಲೇ ಅಂದಾಜು ಹಾಕುವುದನ್ನು ಕಲಿತೆ.

ಮೊದಲ ದಿನ ಶೆಡ್ಡಿನೊಳಗೆ ಹೋದಾಗ ನನಗೆ ವಿಮಾನ ಕಾಣಲಿಲ್ಲ. ಮರದ ಅಸ್ಥಿಪಂಜರಗಳು ಕಂಡವು. ಗೋಡೆಗೆ ಒರಗಿಸಿದ ನಾಲ್ಕು ಉದ್ದನೆಯ ರೆಕ್ಕೆಗಳು, ಮೇಲಿನ ಜೊತೆ ಒಂದು, ಕೆಳಗಿನ ಜೊತೆ ಒಂದು. ಪ್ರತಿ ರೆಕ್ಕೆಯೊಳಗೂ ತೆಳುವಾದ ಬಿಳಿ ಮರದ ಪಟ್ಟಿಗಳು ಸಾಲಾಗಿ ನಿಂತಿದ್ದವು. ನಾರಾಯಣಪ್ಪನವರು ಅವಕ್ಕೆ ರಿಬ್ಬು ಅನ್ನುತ್ತಿದ್ದರು, ಪಕ್ಕೆಲುಬು ಅಂತಲೇ ಅರ್ಥ. ಗೆದ್ದಲು ತಿಂದವನ್ನೆಲ್ಲ ತೆಗೆದು ಹೊಸದು ಕೂರಿಸಲು ಅವರಿಗೆ ಎರಡು ವರ್ಷ ಹಿಡಿದಿತ್ತು.

"ಇದರ ಮೇಲೆ ಬಟ್ಟೆ ಹೊದಿಸ್ತೀವಿ. ಮೇಲೊಂದು ಪದರ, ಕೆಳಗೊಂದು ಪದರ. ನಡುವೆ ಈ ರಿಬ್ಬು. ಮೇಲಿನ ಬಟ್ಟೆ, ರಿಬ್ಬು, ಕೆಳಗಿನ ಬಟ್ಟೆ, ಮೂರನ್ನೂ ಸೇರಿಸಿ ಹೊಲೀಬೇಕು. ಮೂರು ಬೆರಳಿಗೊಂದು ಗಂಟು. ಒಂದು ಕಿತ್ತೋದ್ರೂ ಪಕ್ಕದ್ದು ಬಿಚ್ಚಬಾರದು."

"ಅಂಟು ಹಾಕಿದ್ರೆ ಸಾಲದಾ ಸಾರ್?"

"ಹಾರುವಾಗ ಗಾಳಿ ಮೇಲಿನ ಬಟ್ಟೆಯನ್ನ ಮೇಲಕ್ಕೇ ಎಳೀತದೆ ಕಣಮ್ಮ. ಆ ಎಳೆತಕ್ಕೇ ವಿಮಾನ ನಿಂತಿರೋದು. ಬಟ್ಟೆಯನ್ನ ಮರಕ್ಕೆ ಹಿಡಿದಿರೋದು ನಿನ್ನ ದಾರ. ಹಂಗಾದ್ರೆ ಮೇಡಮ್ಮನ್ನ ಹಿಡಿದಿರೋದು ಯಾವುದು, ನೀನೇ ನೋಡ್ಕೋ."

ಒಂದು ತಿಂಗಳು ಅವರು ನನ್ನನ್ನು ರೆಕ್ಕೆ ಮುಟ್ಟಲು ಬಿಡಲಿಲ್ಲ. ಹಳೆಯ ಮಂಚದ ಚೌಕಟ್ಟಿಗೆ ಬಟ್ಟೆ ಹೊದಿಸಿಕೊಟ್ಟು ಅದರ ಮೇಲೆ ಗಂಟು ಹಾಕಿಸಿದರು. ನಾನು ಹಾಕಿದ್ದನ್ನು ಕೊಕ್ಕೆಯಿಂದ ಎಳೆದು ನೋಡುವರು, ಕತ್ತರಿಸಿ ಎಸೆಯುವರು, ಮತ್ತೆ ಹಾಕಿಸುವರು. ಕುಚ್ಚು ಕಟ್ಟಿದ ಬೆರಳಿಗೆ ಆ ಗಂಟು ಬೇಗ ಹತ್ತಿತು. ಶ್ರಾವಣದಲ್ಲಿ ಮೊದಲನೆಯ ರೆಕ್ಕೆಗೆ ಕೈ ಹಾಕಿದೆವು.

ಆ ಕೆಲಸಕ್ಕೆ ಇಬ್ಬರು ಬೇಕು. ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಈ ಕಡೆ ಒಬ್ಬರು, ಆ ಕಡೆ ಒಬ್ಬರು ಕೂರಬೇಕು. ಮೊಳದುದ್ದದ ಸೂಜಿಗೆ ಮೇಣ ತಿಕ್ಕಿದ ದಾರ ಪೋಣಿಸಿ ರಿಬ್ಬಿನ ಪಕ್ಕಕ್ಕೆ ನಾನು ಚುಚ್ಚಿದರೆ, ಆ ಕಡೆಯವರು ಎಳೆದುಕೊಂಡು ರಿಬ್ಬಿನ ಇನ್ನೊಂದು ಪಕ್ಕದಿಂದ ನನಗೆ ವಾಪಸ್ಸು ಕಳಿಸುತ್ತಾರೆ. ಆಮೇಲೆ ನಾನು ಗಂಟು ಹಾಕುತ್ತೇನೆ. ಇಡೀ ದಿನ ಮಾತಾಡಿದರೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಬಟ್ಟೆಯ ಆ ಕಡೆಯಿಂದ ನಾರಾಯಣಪ್ಪನವರು ತಾವು ಕಂಡ ಏರ್‌ಫೀಲ್ಡುಗಳ ಕಥೆ ಹೇಳುತ್ತಿದ್ದರು. ಮಂಜಿನಲ್ಲಿ ಬಂದ ವಿಮಾನಗಳು, ಬಾರದೆ ಹೋದ ಒಂದು ವಿಮಾನ. ಆ ಒಂದರ ವಿಷಯ ಬಂದಾಗ ಸೂಜಿ ಸ್ವಲ್ಪ ಹೊತ್ತು ಆ ಕಡೆಯೇ ಉಳಿದಿತ್ತು.

ಸುಮಿತ್ರಾ ಮೇಡಂ ವಾರಕ್ಕೆರಡು ಸಲ ಬರುತ್ತಿದ್ದರು. ಕುಳ್ಳಗಿನ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಮಾತು ಕಡಿಮೆ. ಬಂದವರೇ ತಾವೇ ಇಂಜಿನ್ನಿನ ಭಾಗ ತೊಳೆಯಲು ಕೂರುತ್ತಿದ್ದರು. ಒಂದು ಸಲ ನನ್ನ ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಓಡಿಸಿ, "ಬಾಗುಂದಮ್ಮಾ" ಎಂದು ತೆಲುಗಿನಲ್ಲಿ ಮೆಚ್ಚಿ ಹೊರಟುಹೋದರು. ಮನೆಗೆ ಹೋಗಿ ಅಮ್ಮಿಗೆ ಅದೊಂದು ಮಾತನ್ನು ಎರಡು ಸಲ ಹೇಳಿದೆ.

ಹೊಲಿದ ಬಟ್ಟೆಯ ಮೇಲೆ ಪಟ್ಟಿ ಅಂಟಿಸಿ, ಅದರ ಮೇಲೆ ಡೋಪ್ ಎಂಬ ಒಂದು ದ್ರವ ಬಳಿಯಬೇಕು. ಅದು ಒಣಗಿದಂತೆ ಬಟ್ಟೆ ಬಿಗಿದು ತಮಟೆಯ ಚರ್ಮದಂತಾಗುತ್ತದೆ. ಉಗುರು ಬಣ್ಣದ ವಾಸನೆ ಅದರದೇ. ಗಾಳಿಯಲ್ಲಿ ತೇವ ಇದ್ದರೆ ಡೋಪ್ ಬೆಳ್ಳಗಾಗಿ ಕೆಟ್ಟುಹೋಗುತ್ತದೆ. ಆ ವರ್ಷ ನಮ್ಮ ಕಡೆ ಹಿಂದೆಂದೂ ಕಾಣದ ಮಳೆ. ಒಣಗಿ ಆಟದ ಬಯಲಾಗಿದ್ದ ಕೆರೆಗಳು ಕೋಡಿ ಹರಿದವು, ಜನ ಕುಟುಂಬ ಸಮೇತ ಕೋಡಿ ನೋಡಲು ಹೋಗುತ್ತಿದ್ದರು. ನಾವು ಮಾತ್ರ ಶೆಡ್ಡಿನೊಳಗೆ ಕೂತು ಒಣಗಾಳಿ ಕಾಯುತ್ತಿದ್ದೆವು. ತೇವ ಅಳೆಯುವ ಯಂತ್ರವೊಂದಿತ್ತು. ನಾರಾಯಣಪ್ಪನವರಿಗೆ ಅದರಲ್ಲಿ ನಂಬಿಕೆ ಸಾಲದು. ಸುಟ್ಟ ಹಪ್ಪಳವನ್ನು ಕಿಟಕಿಯಲ್ಲಿ ಅರ್ಧ ಗಂಟೆ ಇಟ್ಟು ಮುರಿದು ನೋಡುತ್ತಿದ್ದರು. ಪಟ್ಟನೆ ಮುರಿದರೆ ಡೋಪ್ ಡಬ್ಬ ತೆಗೆಯುವರು. ಮೆತ್ತಗೆ ಬಗ್ಗಿದರೆ ಅದನ್ನೇ ತಿಂದು, "ಇವತ್ತಿಲ್ಲಮ್ಮ, ಹೊಲಿಗೇನೇ ನೋಡಣ" ಅನ್ನುವರು.

ದೀಪಾವಳಿಗೆ ಮುಂಚೆ ಅಮ್ಮಿಗೆ ಉಸಿರು ಕಟ್ಟಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿ ಮೂಗಿಗೆ ಆಕ್ಸಿಜನ್ ಹಾಕಿದರು. ಒಂಬತ್ತು ದಿನ ಇಟ್ಟುಕೊಂಡರು. ಹಗಲು ನಾದಿನಿ ಬಂದು ನೋಡಿಕೊಳ್ಳುತ್ತಿದ್ದಳು. ನಾನು ಶೆಡ್ಡಿನ ಕೆಲಸ ಮುಗಿಸಿ ಸಂಜೆ ಬಸ್ಸಿನಲ್ಲಿ ಆಸ್ಪತ್ರೆಗೆ ಬರುತ್ತಿದ್ದೆ.

"ರಜ ತಗೋಮ್ಮ, ರೆಕ್ಕೆ ಎಲ್ಲೂ ಹೋಗಲ್ಲ" ಅಂದರು ನಾರಾಯಣಪ್ಪನವರು.

"ಮನೇಲಿ ಕೂತ್ರೆ ತಲೆ ಕೆಡ್ತದೆ ಸಾರ್. ಬರ್ತೀನಿ" ಅಂದೆ.

ಆ ಒಂಬತ್ತು ದಿನದಲ್ಲಿ ಎಡಗಡೆಯ ಕೆಳ ರೆಕ್ಕೆ ಹೊಲಿದೆ. ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಹಬ್ಬಕ್ಕೆ ಕೊಡಬೇಕಾಗಿದ್ದ ಮೂರು ಸೀರೆಗೆ ಕುಚ್ಚೂ ಕಟ್ಟಿದೆ. ಅಮ್ಮಿ ಮನೆಗೆ ಬಂದಳು. ಸೀರೆಗಳು ಹೋದವು. ಡಿಸೆಂಬರಿನಲ್ಲಿ ಮಳೆ ಹಿಂದೆ ಸರಿದು ಚಳಿಗಾಳಿ ಬಂತು, ಹಪ್ಪಳ ಪಟ್ಟಪಟ್ಟನೆ ಮುರಿಯಿತು. ನಾಲ್ಕೂ ರೆಕ್ಕೆಗೆ ಡೋಪ್ ಬಿತ್ತು, ಹಳದಿ ಬಣ್ಣ ಬಿತ್ತು. ಸಂಕ್ರಾಂತಿಯ ಹೊತ್ತಿಗೆ ಪರವಾನಗಿ ಕೊಡುವ ತಪಾಸಣೆಯವರು ಬಂದು ಇಡೀ ದಿನ ನೋಡಿ ಸಹಿ ಹಾಕಿದರು. ಮೇಡಂ ಆವತ್ತು ಮೊದಲ ಸಲ ಜೋರಾಗಿ ನಕ್ಕದ್ದನ್ನು ಕೇಳಿದೆ. ಮುಂದಿನ ವಾರದ ಭಾನುವಾರ ಹಾರಾಟವೆಂದು ಗೊತ್ತಾಯಿತು. ಮೇಡಂ ಹಳೆಯ ಸ್ನೇಹಿತರಿಗೆಲ್ಲ ಫೋನ್ ಮಾಡಿದರು.

ಬುಧವಾರ ನಮ್ಮ ಬೀದಿಯ ಟೀಚರ್ ಪದ್ಮಕ್ಕ ಒಂದು ಸೀರೆ ಹಿಡಿದುಕೊಂಡು ಅಂಗಡಿಗೆ ಬಂದರು.

"ಶಾಹಿದಾ, ಬೇಜಾರು ಮಾಡ್ಕೋಬೇಡಮ್ಮ. ಹಬ್ಬಕ್ಕೆ ಕಟ್ಟಿಕೊಟ್ಟಿದ್ಯಲ್ಲ, ಒಂದು ಒಗೆತಕ್ಕೇ ಹಿಂಗಾಯ್ತು."

ಸೆರಗಿನಲ್ಲಿ ಅರ್ಧ ಕುಚ್ಚು ಜಾರಿ ಜೋತಾಡುತ್ತಿತ್ತು. ನನ್ನ ಕೈಯ ಕುಚ್ಚು ಬಿಚ್ಚಿದೆಯೆಂದು ಯಾರೂ ಸೀರೆ ವಾಪಸ್ಸು ತಂದವರಲ್ಲ. ಅವರನ್ನು ಕೂರಿಸಿ ಉಳಿದ ಗಂಟೊಂದನ್ನು ಸೂಜಿಯಿಂದ ಬಿಡಿಸಿ ನೋಡಿದೆ. ಕೊನೆಯ ಸುತ್ತನ್ನು ಉಲ್ಟಾ ತೆಗೆದಿದ್ದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಸರಿಯಾದದ್ದು ಎಳೆದಷ್ಟೂ ಬಿಗಿಯುತ್ತದೆ, ಉಲ್ಟಾ ಹಾಕಿದ್ದು ಎಳೆದರೆ ಜಾರುತ್ತದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕಟ್ಟಿದ ಸೀರೆ ಅದು. ಅದೇ ವಾರ, ಅದೇ ಬೆರಳು, ರೆಕ್ಕೆಯನ್ನೂ ಹೊಲಿದಿದ್ದವು. ರೆಕ್ಕೆಯ ಗಂಟಿನ ಕೊನೆಯ ಸುತ್ತೂ ಅದೇ.

ಪದ್ಮಕ್ಕ ಹೋದ ಮೇಲೆ ಅಂಗಡಿಯ ಬಾಗಿಲು ಮುಂದೆ ಮಾಡಿ ಕೂತೆ. ತಪಾಸಣೆಯವರು ಸಹಿ ಹಾಕಿದ್ದಾರೆ. ಗಂಟಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಡೋಪ್, ಡೋಪಿನ ಮೇಲೆ ಬಣ್ಣ. ದಾರಕ್ಕೆ ಮೇಣ ಇದೆ, ಸುಲಭಕ್ಕೆ ಜಾರಲಿಕ್ಕಿಲ್ಲ. ಎಲ್ಲ ಗಂಟೂ ಉಲ್ಟಾ ಆಗಿರಲಿಕ್ಕಿಲ್ಲ. ಒಂದೂ ಆಗಿರದೆಯೂ ಇರಬಹುದು. ಹೇಳಿದರೆ ರೆಕ್ಕೆ ಬಿಚ್ಚಬೇಕು. ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ಮೇಡಂ ಕಣ್ಣಿನಲ್ಲಿ ತೊಂದರೆ ಶುರುವಾಗಿತ್ತು. ಹಾರಲು ಬೇಕಾದ ವೈದ್ಯಕೀಯ ಪತ್ರ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಮತ್ತೆ ಸಿಗುವುದು ಅನುಮಾನವೆಂದು ನಾರಾಯಣಪ್ಪನವರೇ ಹೇಳಿದ್ದರು.

ಅಮ್ಮಿ ಒಳಗಿನಿಂದ ಬಂದು ನನ್ನ ಮುಖ ನೋಡಿದಳು. ಎಲ್ಲ ಹೇಳಿದೆ. ಅಮ್ಮಿ ಸೀರೆ ಎತ್ತಿಕೊಂಡು ಆ ಗಂಟುಗಳನ್ನು ಒಂದೊಂದಾಗಿ ಉಗುರಿನಲ್ಲಿ ಮುಟ್ಟಿದಳು.

"ಈ ಸೀರೆಗೆ ಬೇರೆ ಕುಚ್ಚು ಕಟ್ಟಿಕೊಡ್ತೀಯ" ಅಂದಳು. "ಅದರಲ್ಲಿ ಕೂತ್ಕೊಳ್ಳೋರು ಯಾರು?"

"ಮೇಡಂ."

"ಅವರಿಗೆ ಗೊತ್ತಾ?"

"ಇಲ್ಲ."

"ಹಂಗಾದ್ರೆ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋಗು."

ಶೆಡ್ಡಿಗೆ ಹೋದಾಗ ನಾರಾಯಣಪ್ಪನವರು ಚಕ್ರಕ್ಕೆ ಗಾಳಿ ಹಾಕುತ್ತಿದ್ದರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಸೀರೆಯನ್ನೇ ಚೀಲದಿಂದ ತೆಗೆದು ಕೊಟ್ಟೆ. ಅವರು ಒಂದು ಗಂಟು ಎಳೆದರು. ಜಾರಿತು.

"ಯಾವಾಗ ಕಟ್ಟಿದ್ದು?"

"ಅಮ್ಮಿ ಆಸ್ಪತ್ರೇಲಿದ್ದಾಗ ಸಾರ್."

ಅವರು ಎಡಗಡೆಯ ಕೆಳ ರೆಕ್ಕೆಯತ್ತ ನೋಡಿದರು. ಬಟ್ಟೆಯ ಚೂರನ್ನು ದ್ರಾವಕದಲ್ಲಿ ಅದ್ದಿ ಒಂದು ರಿಬ್ಬಿನ ಮೇಲೆ ತಿಕ್ಕಿ ಬಣ್ಣ ತೆಗೆದರು, ಪಟ್ಟಿ ಬಿಡಿಸಿದರು. ಕೊಕ್ಕೆ ಹಾಕಿ ಎಳೆಯುತ್ತಾ ಬಂದರು. ಒಂದು, ಎರಡು, ಮೂರು, ಎಲ್ಲ ಗಟ್ಟಿ. ನಾಲ್ಕನೆಯದು ಒಂದು ಬೆರಳಷ್ಟು ಜಾರಿ ಬಂತು. ಏಳನೆಯದೂ ಬಂತು.

ಉಳಿದ ಮೂರು ರೆಕ್ಕೆಯಲ್ಲೂ ಅಲ್ಲಲ್ಲಿ ಪಟ್ಟಿ ಬಿಡಿಸಿ ಎಳೆದರು, ಅಲ್ಲಿ ಯಾವುದೂ ಜಾರಲಿಲ್ಲ. ಕೊಕ್ಕೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. "ನಿನ್ನ ಗಂಟು ಎಳೆದು ನೋಡೋದು ನಾನು ಬಿಟ್ಟಿದ್ದೆ. ಸೆಪ್ಟೆಂಬರಿನಿಂದ. ತಪ್ಪು ನಂದೂ ಇದೆ."

ಮೇಡಂ ಮಧ್ಯಾಹ್ನ ಬಂದರು. ನಾರಾಯಣಪ್ಪನವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ಮೇಡಂ ಮುಖ ಬಿಳುಪೇರಿತು. ಆ ರೆಕ್ಕೆಯ ಮುಂದೆ ನಿಂತು ಬಿಚ್ಚಿದ ಗಂಟನ್ನು ನೋಡಿದರು, ನನ್ನನ್ನು ನೋಡಿದರು, ಹೊರಗೆ ಹೋದರು. ಕೊಯ್ಲಾದ ಜೋಳದ ಹೊಲಗಳ ನಡುವೆ ರನ್‌ವೇಯ ಆ ತುದಿಯವರೆಗೆ ನಡೆದುಕೊಂಡು ಹೋದರು. ಅಲ್ಲಿ ತುಂಬ ಹೊತ್ತು ನಿಂತಿದ್ದರು. ಆಮೇಲೆ ವಾಪಸ್ಸು ಬಂದು ನನ್ನ ಮುಂದೆ ನಿಂತರು.

"ನಂಗೆ ತುಂಬ ಕೋಪ ಬಂದಿದೆ ಶಾಹಿದಾ" ಅಂದರು. "ಈಗೇನೂ ಮಾತಾಡಲ್ಲ. ಒಂದೇ ಕೇಳ್ತೀನಿ. ಮಾರ್ಚಿಗೆ ಮುಂಚೆ ಹೊಲೀತೀಯಾ?"

"ಹೊಲೀತೀನಿ ಮೇಡಂ."

"ಸರೇ" ಅಂದು ಕಾರು ಹತ್ತಿ ಹೋದರು. ಕಾರಿನೊಳಗೆ ಕೂತು ಸ್ನೇಹಿತರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದುದು ಕಾಣುತ್ತಿತ್ತು.

ಹಳೆಯ ತೂತಿನಲ್ಲೇ ಮತ್ತೆ ಹೊಲಿದರೆ ಬಟ್ಟೆ ಹರಿಯುತ್ತದೆ. ಆದ್ದರಿಂದ ಇಡೀ ರೆಕ್ಕೆಯ ಬಟ್ಟೆಯನ್ನೇ ತೆಗೆಯಬೇಕಾಯಿತು. ನಾರಾಯಣಪ್ಪನವರು ಬ್ಲೇಡನ್ನು ನನ್ನ ಕೈಗೇ ಕೊಟ್ಟರು. ಬಿಗಿದ ಬಟ್ಟೆಗೆ ಬ್ಲೇಡು ತಗುಲಿದಾಗ ಟಪ್ಪೆಂದು ಸದ್ದು ಬಂತು. ಆ ಸದ್ದಿಗೆ ನಾನು ಅತ್ತುಬಿಟ್ಟೆ. ಅವರು ನೋಡದವರಂತೆ ಚಹ ತರಲು ಹೋದರು.

ಇಂಜಿನ್ನಿನ ಕೊನೆಯ ಕೆಲಸ ನಾರಾಯಣಪ್ಪನವರೇ ಮಾಡಬೇಕಾಗಿತ್ತು. ರೆಕ್ಕೆಯ ಆ ಕಡೆ ಕೂರಲು ಜನ ಬೇಕು. ಮನೆಯಲ್ಲಿ ಅದನ್ನು ಹೇಳಿದಾಗ ಅಮ್ಮಿ, "ನಾನು ಬರ್ತೀನಿ. ಕೂತು ಮಾಡೋ ಕೆಲಸ ತಾನೇ" ಅಂದಳು. ಬೇಡವೆಂದೆ. ಡೋಪ್ ಬಳಿಯುವ ದಿನ ಬರುವುದಿಲ್ಲ, ಹೊಲಿಗೆಯ ದಿನ ಮಾತ್ರ ಬರುತ್ತೇನೆಂದು ಹಟ ಹಿಡಿದಳು. ಗಂಡ ನಮ್ಮನ್ನು ಎಷ್ಟೋ ದಿನ ಗೂಡಿನ ಗಾಡಿಯಲ್ಲೇ ಬಿಟ್ಟು ಹೋದರು.

ಆ ಮೂರು ವಾರದಂಥ ದಿನಗಳು ಮತ್ತೆ ಬರಲಿಲ್ಲ. ಈ ಕಡೆ ನಾನು, ಆ ಕಡೆ ಅಮ್ಮಿ. ತಗಡಿನ ಮೇಲೆ ಬಿಸಿಲೇರುವ ಮುಂಚೆ ಶುರು ಮಾಡುತ್ತಿದ್ದೆವು. ಗಂಟು ಹಾಕಿ "ಆಯ್ತು" ಅಂದರೆ ಅಮ್ಮಿ ಆ ಕಡೆಯಿಂದ ದಾರವನ್ನು ಬೆರಳಿಗೆ ಸಿಕ್ಕಿಸಿ ಬಲವಾಗಿ ಎಳೆಯುವಳು. ಗಟ್ಟಿಯಾಗಿದ್ದರೆ "ಹೂಂ" ಅನ್ನುವಳು. ಅವಳು ಹೂಂ ಅನ್ನುವವರೆಗೆ ಮುಂದಿನ ಸೂಜಿ ಬರುತ್ತಿರಲಿಲ್ಲ. ಬಟ್ಟೆ ಅಡ್ಡ ಇದ್ದದ್ದಕ್ಕೋ ಏನೋ, ಎದುರು ಕೂತು ಯಾವತ್ತೂ ಹೇಳದಿದ್ದ ಮಾತುಗಳನ್ನು ಅಮ್ಮಿ ಹೇಳಿದಳು. ತಾನು ಏಳನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಮೊದಲಿದ್ದದ್ದು. ಚರಕಕ್ಕೆ ಕೂರಿಸಿದ ದಿನ ಬಿಸಿನೀರಿನಲ್ಲಿ ಕೈಯಿಡಲು ಹೆದರಿ ಓಡಿಹೋಗಿ ಮುರುಗಮಲ್ಲದ ದರ್ಗಾದಲ್ಲಿ ಸಂಜೆಯವರೆಗೆ ಕೂತಿದ್ದದ್ದು. ನನ್ನನ್ನು ಚರಕದ ಹತ್ತಿರ ಬಿಡಬಾರದೆಂದು ಅಬ್ಬಾನ ಹತ್ತಿರ ಜಗಳವಾಡಿ ಹೊಲಿಗೆ ಮಿಷನ್ ಕೊಡಿಸಿದ್ದದ್ದು. ನಾನು ಕೇಳುತ್ತಾ ಗಂಟು ಹಾಕುತ್ತಿದ್ದೆ.

ಮೇಡಂ ಮೊದಲೆರಡು ವಾರ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೆಯ ವಾರ ಒಂದು ದಿನ ಬುತ್ತಿ ತೆಗೆದು ಅಮ್ಮಿಯ ಪಕ್ಕ ಕೂತರು. ಇಬ್ಬರೂ ತೆಲುಗಿನಲ್ಲಿ ಮಾತಾಡಿಕೊಂಡರು. ಅಮ್ಮಿಗೆ ಚರಕದವರ ನಡುವೆ ಕಲಿತ ತೆಲುಗು ಬರುತ್ತಿತ್ತು. ಎದ್ದು ಹೋಗುವಾಗ ಮೇಡಂ ತಮ್ಮ ಡಬ್ಬಿಯಲ್ಲಿದ್ದ ಒಬ್ಬಟ್ಟನ್ನು ನನ್ನ ತಟ್ಟೆಗೆ ಹಾಕಿದರು. ಅಷ್ಟೆ. ನನಗೆ ಅದು ಸಾಕಾಗಿತ್ತು.

ತಪಾಸಣೆಯವರು ಮತ್ತೆ ಬಂದರು. ಈ ಸಲ ಪಟ್ಟಿ ಅಂಟಿಸುವ ಮುಂಚೆಯೇ ಅವರನ್ನು ಕರೆಸಿ, ಪ್ರತಿ ಗಂಟನ್ನೂ ಎಳೆಸಿ ತೋರಿಸಿದೆವು. ಡೋಪ್ ಒಣಗಿತು. ಮಾರ್ಚ್ ಮೊದಲ ವಾರ ಒಂದು ಬೆಳಿಗ್ಗೆ ವಿಮಾನವನ್ನು ಹೊರಗೆ ತಳ್ಳಿದೆವು. ಈ ಸಲ ಅತಿಥಿಗಳಿರಲಿಲ್ಲ. ಮೇಡಂ, ನಾರಾಯಣಪ್ಪನವರು, ನಾನು ಮತ್ತು ಹೊಲದಲ್ಲಿ ದನ ಕಟ್ಟಲು ಬಂದಿದ್ದ ಒಂದಿಷ್ಟು ಜನ. ಮೊದಲ ಹಾರಾಟಕ್ಕೆ ಒಬ್ಬರೇ ಹೋಗಬೇಕೆಂಬುದು ನಿಯಮ. ಮೇಡಂ ಹಿಂದಿನ ಸೀಟಿನಲ್ಲಿ ಕೂತರು. ನಾರಾಯಣಪ್ಪನವರು ಮುಂದಿನ ಪಂಖವನ್ನು ಕೈಯಿಂದ ತಿರುಗಿಸಿದರು. ಎರಡು ಸಲ ಕೆಮ್ಮಿ ಇಂಜಿನ್ ಹತ್ತಿಕೊಂಡಿತು.

ವಿಮಾನ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ನನಗೆ ಮೇಲೆ ನೋಡಲು ಧೈರ್ಯ ಬರಲಿಲ್ಲ. ನೆಲವನ್ನೇ ನೋಡುತ್ತಾ ನಿಂತೆ. ಜೋಳದ ಕೂಳೆಗಳ ಮೇಲೆ ಎರಡು ಜೊತೆ ರೆಕ್ಕೆಯ ನೆರಳು ನನ್ನ ಹತ್ತಿರಕ್ಕೆ ಬಂದು, ಕಾಲಿನ ಮೇಲೆ ಹಾದು, ಹೊಲ ದಾಟಿ ಹೋಯಿತು. ಆಮೇಲೆ ತಲೆಯೆತ್ತಿದೆ. ಹಳದಿ ರೆಕ್ಕೆಗಳು ಬೆಟ್ಟದ ಕಡೆ ತಿರುಗುತ್ತಿದ್ದವು. ನಾರಾಯಣಪ್ಪನವರು ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಸದ್ದು ಕೇಳುತ್ತಿದ್ದರು. ಹದಿನೈದು ನಿಮಿಷವಾದ ಮೇಲೆ ವಿಮಾನ ಇಳಿದು, ಎರಡು ಸಲ ಕುಪ್ಪಳಿಸಿ, ಶೆಡ್ಡಿನ ಮುಂದೆ ಬಂದು ನಿಂತಿತು. ಮೇಡಂ ಸ್ವಲ್ಪ ಹೊತ್ತು ಇಳಿಯಲೇ ಇಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹತ್ತೊಂಬತ್ತರಲ್ಲೂ ಹಿಂಗೇ ಕುಪ್ಪಳಿಸಿದ್ದೆ ನಾರಾಯಣಪ್ಪ" ಅಂದರು.

ಆ ಮಧ್ಯಾಹ್ನ ನಾರಾಯಣಪ್ಪನವರು ವಿಮಾನದ ಪುಸ್ತಕ ತೆಗೆದು ಬರೆಯಲು ಕೂತರು. ಯಾವ ಕೆಲಸವಾದರೂ ಅದರಲ್ಲಿ ದಾಖಲಾಗಬೇಕು. ಎಡ ರೆಕ್ಕೆಯ ವಿಷಯ ಬರೆದ ಪುಟವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದರು. ಬಟ್ಟೆ ತೆಗೆದು ಮತ್ತೆ ಹೊಲಿಯಲಾಗಿದೆ. ಕಾರಣ, ಗಂಟು ಜಾರಿದ್ದು.

"ಅದನ್ನ ಬರೀಲೇಬೇಕಾ ಸಾರ್?" ಅಂದೆ.

"ಬರೀಲೇಬೇಕು. ಇನ್ನೂ ಒಂದು ಸಾಲು ಇದೆ, ಕೇಳು. ತಪ್ಪನ್ನು ಹೊಲಿದವರೇ ತಿಳಿಸಿದರು. ಹೊಲಿದವರು, ಶಾಹಿದಾ ಬಾನು, ಶಿಡ್ಲಘಟ್ಟ."

ಆ ಪುಸ್ತಕ ಇಂಗ್ಲಿಷಿನಲ್ಲಿತ್ತು. ನನ್ನ ಹೆಸರಿನ ಅಕ್ಷರಗಳನ್ನು ಮಾತ್ರ ನಾನೇ ಓದಿದೆ.

ಮೇಡಂಗೆ ಆ ಪತ್ರ ಮತ್ತೆ ಸಿಗಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಅವರು ಹನ್ನೊಂದು ಸಲ ಹಾರಿದರು. ಈಗ ಅವರ ಬಳಿ ಕಲಿತವರೊಬ್ಬರು ಓಡಿಸುತ್ತಾರೆ, ಮೇಡಂ ಮುಂದಿನ ಸೀಟಿನಲ್ಲಿ ಕೂತು ತಪ್ಪು ಹುಡುಕುತ್ತಾರೆ. ಶೆಡ್ಡಿಗೆ ಇನ್ನೂ ಎರಡು ಹಳೆಯ ವಿಮಾನ ಬಂದಿವೆ. ಹೊಲಿಗೆಗೆ ನಾವೀಗ ನಾಲ್ಕು ಜನ ಹೆಂಗಸರು. ಪದ್ಮಕ್ಕನೂ ನಿವೃತ್ತಿಯಾದ ಮೇಲೆ ಬಂದು ಸೇರಿಕೊಂಡಿದ್ದಾರೆ.

ಆ ಹನ್ನೊಂದು ಹಾರಾಟಗಳಲ್ಲಿ ಒಂದು ನನ್ನದು. ಮಾರ್ಚಿನ ಕೊನೆಯ ವಾರ ಮೇಡಂ, "ನಾಳೆ ನಿಮ್ಮೂರ ಮೇಲೆ ಹೋಗಣ. ಅನುಮತಿ ತಗೊಂಡಿದೀನಿ. ಸ್ವೆಟರ್ ಹಾಕ್ಕೊಂಡು ಬಾ" ಅಂದರು. ಮನೆಯಲ್ಲಿ ಹೇಳಿದೆ. ಬೆಳಿಗ್ಗೆ ಹೊರಡುವಾಗ ಅಮ್ಮಿ ತಲೆಯ ಮೇಲೆ ಕೈಯಿಟ್ಟು ದುವಾ ಓದಿ ಊದಿದಳು.

ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ ಪಟ್ಟಿ ಬಿಗಿದರು. ಕಿವಿಗೆ ಫೋನಿನಂಥದ್ದೊಂದನ್ನು ಹಾಕಿದರು, ಅದರಲ್ಲಿ ಹಿಂದಿನಿಂದ ಮೇಡಂ ಮಾತು ಕೇಳುತ್ತಿತ್ತು. ನೆಲ ಬಿಟ್ಟ ಮೇಲೆ ಗಾಳಿ ಮುಖಕ್ಕೆ ನೀರೆರಚಿದಂತೆ ಬಡಿಯಿತು. ನಾನು ಎಡಗಡೆಯ ಕೆಳ ರೆಕ್ಕೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ರಿಬ್ಬು ರಿಬ್ಬಿನ ನಡುವೆ ಬಟ್ಟೆ ಒಂದಿಷ್ಟೇ ಉಬ್ಬಿಕೊಂಡಿತ್ತು. ಹೊಲಿಗೆಯ ಸಾಲಿನಲ್ಲಿ ಮಾತ್ರ ಕೆಳಗೇ ಇತ್ತು. ಗೌರಿಬಿದನೂರಿನ ರಸ್ತೆ ಹೋಯಿತು, ಬೆಟ್ಟಗಳು ಹೋದವು, ಕೆರೆಗಳು ಹೊಳೆದು ಹಿಂದೆ ಹೋದವು. ನಾನು ಸಾಲುಗಳನ್ನೇ ನೋಡುತ್ತಿದ್ದೆ.

"ಶಾಹಿದಾ, ಏನು ನೋಡ್ತಿದೀಯ?"

"ರೆಕ್ಕೆ ಮೇ‌ಡಂ."

"ಅದು ಸರಿಯಾಗಿದೆ. ಕೆಳಗೆ ನೋಡು, ನಿಮ್ಮೂರು."

ನೋಡಿದೆ. ಮೊದಲು ಗುರುತೇ ಸಿಗಲಿಲ್ಲ. ಆಮೇಲೆ ತಾರಸಿಗಳ ಮೇಲೆ ಬಿಸಿಲಿಗೆ ಒಣಗಲು ಇಟ್ಟ ಚಂದ್ರಿಕೆಗಳು ಕಂಡವು. ಹುಳು ಗೂಡು ಕಟ್ಟುವ ದುಂಡನೆಯ ಬಿದಿರ ತಟ್ಟೆಗಳು, ಮೇಲಿನಿಂದ ನಾಣ್ಯದಷ್ಟು. ಗೂಡಿನ ಮಾರುಕಟ್ಟೆಯ ಉದ್ದನೆಯ ಚಾವಣಿ, ಮಸೀದಿ, ಅದರ ಹಿಂದೆ ನಮ್ಮ ಬೀದಿ. ಒಂದು ತಾರಸಿಯ ಮೇಲೆ ಯಾರೋ ನಿಂತು ದುಪಟ್ಟಾ ಬೀಸುತ್ತಿದ್ದರು. ಅಮ್ಮಿ ಇಷ್ಟು ಮೆಟ್ಟಿಲು ಹತ್ತಿದಳಲ್ಲ ಎಂದುಕೊಂಡೆ. ಎರಡೂ ಕೈ ಎತ್ತಿ ಬೀಸಿದೆ. ಮೇಡಂ ಒಂದು ಸುತ್ತು ಹೊಡೆಸಿ ವಾಪಸ್ಸು ತಿರುಗಿಸಿದರು.

ಸಂಜೆ ಮನೆಗೆ ಬಂದವಳೇ, "ಯಾಕೆ ತಾರಸಿ ಹತ್ತಿದೆ? ಎದೆ ನೋವು ಬಂತಾ?" ಎಂದು ಕೇಳಿದೆ.

"ನಾನೆಲ್ಲಿ ಹತ್ತಿದೆ? ಆ ಕಡೆ ಮನೆಯವರು ಹತ್ತಿದ್ರು. ನಾನು ಒಲೆ ಹತ್ರ ನಿಂತಿದ್ದೆ."

"ನೋಡಲೇ ಇಲ್ವಾ?"

"ನೋಡಕ್ಕೆ ಭಯ ಆಯ್ತು. ಸದ್ದು ಕೇಳಿಸ್ಕೋತಾ ಇದ್ದೆ. ಬಂತು, ಒಂದು ಸುತ್ತು ತಿರುಗಿತು. ಎಲ್ಲೂ ನಿಲ್ಲಲಿಲ್ಲ, ಹಂಗೇ ದೂರ ಹೋಯ್ತು." ಅಮ್ಮಿ ತಟ್ಟೆ ತೆಗೆದು ನನ್ನ ಮುಂದೆ ಇಟ್ಟಳು. "ಆಮೇಲೆ ಅನ್ನಕ್ಕಿಟ್ಟೆ."